ಒಂದರ ನಳಿಗೆ, ಎರಡರ ಹಿಡಿ

ನಮ್ಮ ಮನೆಯ ದೇವರ ಕೋಣೆಗೆ ಎರಡು ಬಾಗಿಲು. ಒಂದು ನಮ್ಮ ಪಾಲಿನ ಪಡಸಾಲೆಗೆ ತೆರೆಯುತ್ತಿತ್ತು, ಇನ್ನೊಂದು ದೊಡ್ಡತಾತನ ಪಾಲಿಗೆ. ಮಾಕಳಿದುರ್ಗದ ಬೆಟ್ಟ ಹಿತ್ತಲಿನಿಂದಲೇ ಶುರುವಾಗುತ್ತದೇನೋ ಅನ್ನುವಷ್ಟು ಹತ್ತಿರವಿದ್ದ ಆ ತೊಟ್ಟಿಮನೆಯನ್ನು ನನ್ನ ತಾತ ಚಿಕ್ಕಣ್ಣ ಮತ್ತು ಅವನ ಅಣ್ಣ ದೊಡ್ಡಣ್ಣ ನಾನು ಹುಟ್ಟುವುದಕ್ಕೆ ಎಷ್ಟೋ ಮೊದಲೇ ಪಾಲು ಮಾಡಿಕೊಂಡಿದ್ದರು. ತೊಟ್ಟಿಯ ನಡುವೆ ಮಣ್ಣಿನ ಗೋಡೆ ಎದ್ದಿತ್ತು. ಬೆಳಗಿನ ಬಿಸಿಲು ಅವರಿಗೆ, ಮಧ್ಯಾಹ್ನದ ಮೇಲಿನದು ನಮಗೆ. ಅಡುಗೆಮನೆ, ಕೊಟ್ಟಿಗೆ, ರಾಗಿಯ ಕಣಜ ಎಲ್ಲವೂ ಎರಡಾಗಿ, ದೇವರೊಬ್ಬ ಮಾತ್ರ ಒಂದೇ ಉಳಿದಿದ್ದ. ಅವನನ್ನು ಹೇಗೆ ಪಾಲು ಮಾಡುವುದೆಂದು ಪಂಚಾಯ್ತಿಗೆ ಕೂತವರಿಗೆ ಬಗೆಹರಿಯದೆ, ಆ ಕಡೆಗೂ ಒಂದು ಬಾಗಿಲು ಒಡೆಸಿ ಕೈತೊಳೆದುಕೊಂಡರಂತೆ. ಬೆಳಗಿನ ದೀಪ ಅವರದು, ಸಂಜೆಯ ದೀಪ ನಮ್ಮದು. ಒಬ್ಬರು ಒಳಗಿದ್ದಾಗ ಇನ್ನೊಬ್ಬರು ಕಾಲಿಡುವಂತಿರಲಿಲ್ಲ. ಆಯುಧಪೂಜೆಯ ದಿನ ಮಾತ್ರ ಎರಡೂ ಬಾಗಿಲು ಒಟ್ಟಿಗೆ ತೆರೆದುಕೊಳ್ಳುತ್ತಿದ್ದವು.

ಅಣ್ಣತಮ್ಮಂದಿರಿಗೆ ಮಾತಿರಲಿಲ್ಲ. ಮಾತಿರಲಿಲ್ಲ ಅಂದರೆ ಕೆಮ್ಮಿದರೂ ಇನ್ನೊಬ್ಬನಿಗೆ ಕೇಳದಿರಲಿ ಎನ್ನುವಷ್ಟು. ಅಜ್ಜಿಯರಿಬ್ಬರೂ ಈ ಕಟ್ಟಳೆಗೆ ತಲೆಯನ್ನೇ ಕೆಡಿಸಿಕೊಂಡಿರಲಿಲ್ಲ. ನಡುಗೋಡೆಯಲ್ಲಿ ದೀಪವಿಡಲೆಂದು ಬಿಟ್ಟಿದ್ದ ಗೂಡನ್ನು ಕೊರೆದು ಕೊರೆದು ಆಚೆಗೂ ತೂತು ಮಾಡಿ, ಅದರಲ್ಲಿ ಬಟ್ಟಲುಗಳನ್ನು ದಾಟಿಸುತ್ತಿದ್ದರು. ನಮ್ಮ ಕಡೆಯ ಬಸ್ಸಾರು ಆಚೆಗೆ, ಅವರ ಕೋಳಿಸಾರು ಈಚೆಗೆ. ತಾತ ಮುದ್ದೆ ಮುರಿದು ಸಾರಲ್ಲಿ ಅದ್ದಿ ನುಂಗಿ, ಇವತ್ತು ಸಾರು ಚೆನ್ನಾಗೈತೆ ಅಂದರೆ ಅಜ್ಜಿ ಮುಖ ತಿರುಗಿಸದೆ, ಹೂಂ, ನಾನೇ ಮಾಡಿದ್ದು ಅನ್ನುವಳು. ನಮ್ಮ ಮನೆಯಲ್ಲಿ ಕೋಳಿ ಕೊಯ್ದಿದ್ದು ಯಾವಾಗ ಅಂತ ತಾತ ಕೇಳುತ್ತಿರಲಿಲ್ಲ. ಗಂಡಸರ ಹಟವನ್ನು ಹೀಗೆ ಊಟದಲ್ಲಿ ಕರಗಿಸಿ ಬಡಿಸುತ್ತಿದ್ದ ಆ ಇಬ್ಬರು ಹೆಂಗಸರ ಮೇಲೆ ನನಗೆ ಇವತ್ತಿಗೂ ಬಲು ಪ್ರೀತಿ.

ನಾನು ಹೇಳಹೊರಟದ್ದು ಬಂದೂಕುಗಳ ವಿಷಯ. ಅವೂ ಎರಡು, ಜೋಡಿ ನಳಿಗೆಯವು. ಒಂದೇ ಕಾರ್ಖಾನೆಯಲ್ಲಿ ಒಂದೇ ಕೈ ಮಾಡಿದ ಅವಳಿಗಳು. ಮುತ್ತಾತ ಊರಿನ ಪಟೇಲನಾಗಿದ್ದಾಗ ಬೆಟ್ಟಕ್ಕೆ ಬೇಟೆಗೆ ಬರುತ್ತಿದ್ದ ಒಬ್ಬ ಬಿಳಿ ದೊರೆ, ತನ್ನ ದೇಶಕ್ಕೆ ವಾಪಸ್ಸು ಹೋಗುವಾಗ ಅವನ್ನು ಮುತ್ತಾತನ ಕೈಗಿತ್ತು ಹೋಗಿದ್ದ. ನಮ್ಮ ಸುತ್ತಮುತ್ತ ಹಂದಿ ಹೊಡೆಯುವ ನಾಡಬಂದೂಕುಗಳಿದ್ದವು, ಕಬ್ಬಿಣದ ಕೊಳವೆಗೆ ಮರ ಕಟ್ಟಿದಂಥವು. ಇವುಗಳ ಜಾತಿಯೇ ಬೇರೆ. ಜೇನುಬಣ್ಣದ ಮರದೊಳಗೆ ಕಪ್ಪು ಗೆರೆಗಳು ಹರಿದಿದ್ದವು. ಉಕ್ಕಿನ ಮೇಲೆ ಕೂದಲೆಳೆಯಷ್ಟು ಸಣ್ಣ ಬಳ್ಳಿ, ಎಲೆ, ಹೂ ಕೊರೆದಿದ್ದರು. ಬಂದೂಕಿನಲ್ಲಿ ಬಿಚ್ಚುವ ತುಂಡುಗಳು ಮೂರು: ಬೆರಳಲ್ಲಿ ಎಳೆಯುವ ಕುದುರೆಯಿರುವ ಹಿಡಿ, ಜೋಡಿ ನಳಿಗೆ, ನಳಿಗೆಯ ಅಡಿಗೆ ಎಡಗೈ ಹಿಡಿಯುವ ಅಂಗೈಯಗಲದ ಮರ. ಆ ಚಿಕ್ಕ ಮರಕ್ಕೆ ನಮ್ಮ ಮನೆಯಲ್ಲಿ ಮರಿ ಅನ್ನುತ್ತಿದ್ದರು. ಒಂದು ಬಂದೂಕಿನ ಮೂರು ತುಂಡುಗಳ ಮೇಲೂ ಬಂಗಾರದಲ್ಲಿ ಕೂರಿಸಿದ 1 ಇತ್ತು, ಇನ್ನೊಂದರ ಮೂರರ ಮೇಲೂ 2. ನಾನು ಇಂಗ್ಲಿಷ್ ಅಂಕಿ ಕಲಿತದ್ದು ಸ್ಲೇಟಿನಿಂದಲ್ಲ, ಅವುಗಳ ಮೇಲೆ ಬೆರಳಾಡಿಸಿ. ಕಲಿತ ಮೇಲೆ ಒಂದು ವಿಚಿತ್ರ ಕಾಣಿಸಿತು. ನಮ್ಮ ಪೆಟ್ಟಿಗೆಯಲ್ಲಿದ್ದ ಹಿಡಿಯ ಮೇಲೆ 2, ಮರಿಯ ಮೇಲೆ 2, ನಳಿಗೆಯ ಮೇಲೆ ಮಾತ್ರ 1.

"ತಾತ, ಇದ್ಯಾಕೆ ಇಲ್ಲಿ ಎರಡು, ಇಲ್ಲಿ ಒಂದು?"

"ಅದು ನಮ್ಮಪ್ಪ ಮಾಡಿದ್ದು."

"ತಪ್ಪು ಮಾಡ್ಬಿಟ್ನಾ?"

"ಅವನ ಜೀವಮಾನದಾಗೆ ಸರಿಯಾಗಿ ಮಾಡಿದ್ದು ಅದೊಂದೇ ಕಣ್ ಪಾಪ," ಅಂದು ತಾತ ಪೆಟ್ಟಿಗೆ ಮುಚ್ಚಿದ.

ಉಳಿದದ್ದನ್ನು ಅಜ್ಜಿ ಹೇಳಿದಳು, ರಾಗಿ ಜರಡಿ ಹಿಡಿಯುತ್ತ. ಪಾಲಾಗುವ ವರ್ಷ ಕೆರೆ ನೀರಿನ ಸರದಿಗೆ ಅಣ್ಣತಮ್ಮಂದಿರಿಗೆ ಜಗಳ ಹತ್ತಿಕೊಂಡಿತಂತೆ. ಮಾತು ಮಾತಿಗೆ ಬೆಳೆದು ಇಬ್ಬರೂ ಮನೆಗೆ ಓಡಿ ಬಂದು ಒಬ್ಬೊಬ್ಬ ಒಂದೊಂದು ಬಂದೂಕು ಕಿತ್ತುಕೊಂಡು ಕೆರೆ ಏರಿಯ ಮೇಲೆ ಎದುರುಬದುರು ನಿಂತರು. ಊರವರೆಲ್ಲ ದೂರ ನಿಂತು ನೋಡುತ್ತಿದ್ದರೇ ಹೊರತು ಹತ್ತಿರ ಹೋಗುವ ಎದೆ ಯಾರಿಗೂ ಇರಲಿಲ್ಲ. ಮುತ್ತಾತ ಮೈಮೇಲಿನ ಟವೆಲ್ಲೂ ಇಲ್ಲದೆ ಸ್ನಾನದ ಮನೆಯಿಂದ ಎದ್ದು ಬಂದವನು ಇಬ್ಬರ ನಡುವೆ ಹೋಗಿ ನಿಂತನಂತೆ, ಒದ್ದೆ ಕೌಪೀನದಲ್ಲಿ. ಅಪ್ಪನನ್ನು ಆ ಅವತಾರದಲ್ಲಿ ನೋಡಿ ಒಬ್ಬನಿಗೆ ನಾಚಿಕೆ, ಒಬ್ಬನಿಗೆ ನಗು. ಬಂದೂಕುಗಳು ಕೆಳಗಿಳಿದವು. ಮಾರನೆಯ ದಿನ ಪಾಲಿಗೆ ಕೂತಾಗ ಮುತ್ತಾತ ಹತ್ತು ಜನರ ಮುಂದೆ ಎರಡನ್ನೂ ಬಿಚ್ಚಿ, ಒಂದರ ನಳಿಗೆಯನ್ನು ಎರಡರ ಹಿಡಿಗೆ, ಎರಡರ ನಳಿಗೆಯನ್ನು ಒಂದರ ಹಿಡಿಗೆ ಸೇರಿಸಿ ತೋರಿಸಿದ. ನಡುವಿಗೆ ಬಾಗಿಸಿ ತೋಟಾ ತುಂಬಿ ಮತ್ತೆ ಮುಚ್ಚಬೇಕಾದ ಬಂದೂಕುಗಳು ಅವು. ನಳಿಗೆಗಳು ಕೂತವು, ಆದರೆ ಮುಚ್ಚಿಕೊಳ್ಳಲಿಲ್ಲ. ಮಾಡಿದವನು ಅಷ್ಟು ನಾಜೂಕಾಗಿ ಒಂದಕ್ಕೊಂದನ್ನು ತೀಡಿ ಕೂರಿಸಿದ್ದ. ಅವಳಿಯೇ ಆದರೂ ಇನ್ನೊಂದರ ನಳಿಗೆಗೆ ಒಂದು ಉಗುರಿನಷ್ಟು ಬಾಯಿ ತೆರೆದೇ ಇರುತ್ತಿತ್ತು. ಮುಚ್ಚದ ಬಂದೂಕಿನಿಂದ ಈಡು ಹಾರುವುದಿಲ್ಲ.

"ಹಿಂಗೇ ಇರ್ಬೇಕು. ನೀನು ಬೇಕು ಅಂತ ಅವನಿಗೆ ಅನ್ನಿಸ್ಬೇಕು, ಅವನು ಬೇಕು ಅಂತ ನಿನಗೆ ಅನ್ನಿಸ್ಬೇಕು. ಅಲ್ಲೀಗಂಟ ಇವು ಬಾಯಿ ಮುಚ್ಚಲ್ಲ," ಅಂದನಂತೆ ಮುತ್ತಾತ.

ಇಬ್ಬರ ಕೈಯಲ್ಲೂ ದೇವರ ಮುಂದೆ ಮಾತು ತೆಗೆದುಕೊಂಡ. ಆಯುಧಪೂಜೆಯ ದಿನ ಇಬ್ಬರೂ ದೇವರ ಕೋಣೆಯಲ್ಲಿ ಕೂತು ನಳಿಗೆಗಳನ್ನು ಸರಿಮಾಡಬೇಕು, ಒಬ್ಬೊಬ್ಬ ಒಂದೊಂದು ಈಡು ಆಕಾಶಕ್ಕೆ ಹಾರಿಸಬೇಕು, ಮತ್ತೆ ಅದಲುಬದಲಾಗಿ ಅಡ್ಡ ಮಾಡಿ ಪೆಟ್ಟಿಗೆಗಿಡಬೇಕು. ಮನೆಯ ಹಿರಿಯ ಕೊನೆಯ ಸಲ ಹೊಸ್ತಿಲು ದಾಟುವಾಗಲೂ ಹಾಗೆಯೇ ಸರಿಮಾಡಿ ಒಂದು ಈಡು ಕೊಡಬೇಕು. ಮುತ್ತಾತ ಸತ್ತಾಗ ಹೆಣವನ್ನು ಜಗಲಿಯ ಮೇಲಿಟ್ಟು, ಅಣ್ಣತಮ್ಮಂದಿರು ಒಳಗೆ ಕೂತು ನಳಿಗೆ ಬದಲಿಸಿ ಬರುವ ತನಕ ಊರೇ ಕಾದಿತ್ತಂತೆ. ಇದನ್ನು ಕೇಳಿದಾಗ ನಾನು ಏಳೆಂಟು ವರ್ಷದವಳು. ಮುತ್ತಾತನ ಪಟ ನಮ್ಮ ಮನೆಯಲ್ಲಿರಲಿಲ್ಲ. ಅವನು ಹೇಗಿದ್ದನೆಂದು ನನಗೆ ಗೊತ್ತಾದದ್ದು ಆ ತೆರೆದ ಬಾಯಿಯಿಂದ. ಒಂದು ಉಗುರಿನಷ್ಟು ಜಾಗದಲ್ಲಿ ಇಬ್ಬರು ಮಕ್ಕಳ ಜೀವವನ್ನು ಕಾಪಾಡಿ ಇಟ್ಟಿದ್ದ ಮನುಷ್ಯ ಅಂತ ನೆನೆದು ಮೈ ಜುಮ್ಮೆನ್ನುತ್ತಿತ್ತು.

ಆಯುಧಪೂಜೆಯ ಬೆಳಿಗ್ಗೆ ಮನೆಯೆಲ್ಲ ಸೀಮೆಎಣ್ಣೆ, ಕೊಬ್ಬರಿ ಎಣ್ಣೆ, ಬೂದುಗುಂಬಳದ ವಾಸನೆ. ಬಾಳೆಕಂದು ಕಟ್ಟಿ, ನೇಗಿಲು, ಕುಡುಗೋಲು, ಅಪ್ಪನ ಸೈಕಲ್ಲು, ಕೊನೆಗೆ ನನ್ನ ಜಾಮಿಟ್ರಿ ಬಾಕ್ಸಿಗೂ ಕುಂಕುಮ ಬಿದ್ದ ಮೇಲೆ, ತಾತ ಮಡಿಪಂಚೆಯುಟ್ಟು ಪೆಟ್ಟಿಗೆ ಹೊತ್ತುಕೊಂಡು ನಮ್ಮ ಬಾಗಿಲಿನಿಂದ ಒಳಗೆ ಹೋಗುತ್ತಿದ್ದ. ಅದೇ ಹೊತ್ತಿಗೆ ಆ ಬಾಗಿಲಿನಿಂದ ದೊಡ್ಡತಾತ ಬರುತ್ತಿದ್ದ. ಇಬ್ಬರಿಗೂ ಒಂದೇ ಮೂಗು, ಒಂದೇ ಥರ ಕೂರುವಾಗ ಮಂಡಿಯ ಮೇಲೆ ಕೈಯೂರುವ ಅಭ್ಯಾಸ. ಒಂದೇ ಚಾಪೆಯ ಮೇಲೆ ಮಂಡಿಗೆ ಮಂಡಿ ತಾಗುವಷ್ಟು ಹತ್ತಿರ ಕೂತರೂ ಕಣ್ಣಿಗೆ ಕಣ್ಣು ಕೂಡಿಸುತ್ತಿರಲಿಲ್ಲ. ಎಣ್ಣೆಬಟ್ಟೆ ಕೊಡಲು, ಸೀಮೆಎಣ್ಣೆ ಬಟ್ಟಲು ಹಿಡಿಯಲು ನಡುವೆ ನಾನು. ನನ್ನ ನಿಜವಾದ ಕೆಲಸ ಮಾತು ದಾಟಿಸುವುದಾಗಿತ್ತು.

"ಪಾಪ, ಆ ಎಣ್ಣೆ ಬಟ್ಟೆ ಆಯ್ತಾ ಅಂತ ಕೇಳಮ್ಮ ಅವರನ್ನ."

"ದೊಡ್ತಾತ, ಎಣ್ಣೆ ಬಟ್ಟೆ ಆಯ್ತಾ ಅಂತೆ."

"ಇನ್ನೂ ಒಂದ್ ಕೈ ಒರೆಸ್ಬೇಕು ಅಂತ ಹೇಳು. ಹೋದ ವರ್ಷ ನಳಿಗೇಲಿ ತುಕ್ಕು ಬಿಟ್ಟಿದ್ರು ಅಂತಾನೂ ಹೇಳು."

"ತಾತ, ಹೋದ ವರ್ಷ ನಳಿಗೇಲಿ..."

"ಕೇಳಿಸ್ತು. ಅದು ತುಕ್ಕಲ್ಲ, ಅವರ ಕಣ್ಣಿನ ಪೊರೆ ಅಂತ ಹೇಳು."

ನಾನು ಹೇಳುವ ಮೊದಲೇ ದೊಡ್ಡತಾತನ ಮೀಸೆಯ ತುದಿ ಅಲುಗುತ್ತಿತ್ತು. ನಕ್ಕನೆಂದು ಒಪ್ಪಿಕೊಳ್ಳುವವನಲ್ಲ ಅವನು. ಆಮೇಲೆ ಮಾತು ನಿಲ್ಲುತ್ತಿತ್ತು. ಇಬ್ಬರೂ ನಳಿಗೆಗಳನ್ನು ಎರಡೂ ಕೈಯಲ್ಲಿ ಎತ್ತಿ, ಮಗುವನ್ನು ಕೊಡುವ ಹಾಗೆ, ಒಬ್ಬನ ಮಡಿಲಿಂದ ಇನ್ನೊಬ್ಬನ ಮಡಿಲಿಗೆ ಕೊಡುತ್ತಿದ್ದರು. ಅದೊಂದು ಮಾತ್ರ ನನ್ನ ಕೈಯಿಂದ ಹಾಯುತ್ತಿರಲಿಲ್ಲ. ಸರಿಯಾದ ನಳಿಗೆ ಸರಿಯಾದ ಹಿಡಿಗೆ ಕೂತು ಬಂದೂಕು ಮುಚ್ಚಿಕೊಂಡಾಗ ಒಂದು ಸದ್ದು ಬರುತ್ತಿತ್ತು. ದೊಡ್ಡ ಸದ್ದಲ್ಲ. ಹಳೆಯ ತೇಗದ ಪೆಟ್ಟಿಗೆಯ ಮುಚ್ಚಳ ತನ್ನ ಭಾರಕ್ಕೆ ತಾನೇ ಕೂತ ಹಾಗೆ. ಮೊದಲು ಒಂದರದು, ಹಿಂದೆಯೇ ಎರಡರದು. ನನಗೆ ಆ ದೇವರಿಗಿಂತ ಈ ಸದ್ದಿನ ಮೇಲೆಯೇ ಭಕ್ತಿ ಜಾಸ್ತಿ ಇತ್ತೆಂದು ಈಗ ಹೇಳಿದರೆ ಯಾರೂ ಬೈಯುವವರಿಲ್ಲ.

ಹಿತ್ತಲಿಗೆ ಬಂದು ಬೆಟ್ಟದ ಕಡೆ ಮುಖಮಾಡಿ ಮೊದಲು ದೊಡ್ಡತಾತ, ಆಮೇಲೆ ತಾತ ಈಡು ಹಾರಿಸುವರು. ಬೆಟ್ಟ ಎರಡನ್ನೂ ಹಿಂದಕ್ಕೆ ಹೇಳುತ್ತಿತ್ತು. ಊರಿನಲ್ಲಿ ಎರಡನೇ ಈಡು ಕೇಳಿದ ಮೇಲೆಯೇ ಜನ ಕಡಲೆಪುರಿ ಹಂಚುತ್ತಿದ್ದರು. ಮತ್ತೆ ಒಳಗೆ ಬಂದು ನಳಿಗೆಗಳನ್ನು ಅಡ್ಡ ಮಾಡಿ, ಅವರವರ ಪೆಟ್ಟಿಗೆ ಅವರವರು ಹೊತ್ತು, ಅವರವರ ಬಾಗಿಲಿನಿಂದ ಹೊರಟುಹೋಗುವರು. ಮುಂದಿನ ವರ್ಷದ ತನಕ ಅಷ್ಟೆ.

ನಾನು ದೊಡ್ಡಬಳ್ಳಾಪುರದ ಕಾಲೇಜಿಗೆ ಬಸ್ಸಿನಲ್ಲಿ ಓಡಾಡುತ್ತಿದ್ದ ಕಾಲಕ್ಕೆ ದೊಡ್ಡತಾತನಿಗೆ ಲಕ್ವ ಹೊಡೆದು ಬಲಗೈ ಬಿತ್ತು. ಅದೇ ವರ್ಷ ಎಲೆಕ್ಷನ್ ಬಂತು. ಎಲೆಕ್ಷನ್ ಬಂದರೆ ಲೈಸೆನ್ಸಿನ ಬಂದೂಕುಗಳನ್ನು ಠಾಣೆಗೆ ಒಪ್ಪಿಸಿ, ಮುಗಿದ ಮೇಲೆ ಬಿಡಿಸಿಕೊಂಡು ಬರಬೇಕು. ಹಿಂದೆಲ್ಲ ಅಣ್ಣತಮ್ಮಂದಿರು ಒಂದೇ ಬಸ್ಸು ಹತ್ತಿ, ಒಬ್ಬ ಮುಂದೆ ಒಬ್ಬ ಹಿಂದೆ ಕೂತು ಹೋಗಿಬರುತ್ತಿದ್ದರು. ಆ ಸಲ ದೊಡ್ಡತಾತನ ಬದಲು ಅವನ ಮಗ, ನಮ್ಮ ರಾಮಣ್ಣ ದೊಡ್ಡಪ್ಪ ಹೋದ. ಅವನು ಆಗಲೇ ದೊಡ್ಡಬಳ್ಳಾಪುರದಲ್ಲಿ ಸೀರೆ ನೇಯುವ ಮಗ್ಗಗಳನ್ನು ಹಾಕಿಕೊಂಡು ಅಲ್ಲೇ ಸಂಸಾರ ಮಾಡಿದ್ದ. ನಮ್ಮ ಬಂದೂಕು ವಾಪಸ್ಸು ಬಂತು. ಅವರದೂ ಬಂದಿರುತ್ತದೆ ಅಂದುಕೊಂಡೆವು. ಮಾತಿಲ್ಲದ ಮನೆಯಲ್ಲಿ ಕೇಳುವವರು ಯಾರು? ಆ ವರ್ಷದ ಆಯುಧಪೂಜೆ ಎಲೆಕ್ಷನ್ನಿಗೆ ಮೊದಲೇ ಮುಗಿದಿತ್ತು, ಹಾಗಾಗಿ ಯಾರಿಗೂ ಏನೂ ಗೊತ್ತಾಗಲಿಲ್ಲ.

ಅವರೆಕಾಯಿಯ ಕಾಲದಲ್ಲಿ ದೊಡ್ಡತಾತ ಹೋದ. ಗೋಡೆಯಾಚೆಯಿಂದ ದೊಡ್ಡಜ್ಜಿಯ ಅಳು ಕೇಳಿದ ಕೂಡಲೇ ತಾತ ಎದ್ದವನು ಆ ಕಡೆಗೆ ಹೋಗಲಿಲ್ಲ. ಸ್ನಾನ ಮಾಡಿ, ಮಡಿಪಂಚೆಯುಟ್ಟು, ಪೆಟ್ಟಿಗೆ ಹೊತ್ತುಕೊಂಡು ದೇವರ ಕೋಣೆಗೆ ಹೋಗಿ ಚಾಪೆಯ ಮೇಲೆ ತನ್ನ ಅರ್ಧದಲ್ಲಿ ಕೂತ. ಇನ್ನರ್ಧ ಖಾಲಿ ಬಿಟ್ಟಿದ್ದ. ಎಣ್ಣೆಬಟ್ಟೆ ಹಿಡಿದು ನಾನು ಪಕ್ಕದಲ್ಲಿ ಕೂತೆ. ಆ ಬಾಗಿಲು ತೆರೆದು ದೊಡ್ಡಪ್ಪ ಬಂದ, ಬರಿಗೈಯಲ್ಲಿ.

"ರಾಮಣ್ಣ, ಪೆಟ್ಟಿಗೆ ತಗೊಂಡ್ ಬಾರಪ್ಪ."

"ಅದು ಇಲ್ಲ ಚಿಕ್ಕಪ್ಪ."

"ಇಲ್ಲ ಅಂದ್ರೆ?"

"ಠಾಣೆಯಿಂದ ಬಿಡಿಸ್ಕೊಂಡು ಹಂಗೇ ಬೆಂಗಳೂರಿನ ಬಂದೂಕಿನ ಅಂಗಡಿಗೆ ಕೊಟ್ಬಿಟ್ಟೆ. ಅಪ್ಪನ ಹೆಬ್ಬೆಟ್ಟು ಒತ್ತಿಸ್ಕೊಂಡಿದ್ದೆ. ಅಪ್ಪನಿಗೆ ಇನ್ನು ಎತ್ತಕ್ಕಾಗಲ್ಲ, ನಂಗೆ ಹಾರ್ಸಕ್ಕೆ ಬರಲ್ಲ. ಮನೇಲಿ ಮಕ್ಕಳಿದಾವೆ. ಮುಚ್ಚಕ್ಕೂ ಬರ್ದಿರೋ ಬಂದೂಕು ಯಾತಕ್ಕೆ ಅಂದ್ಕೊಂಡೆ."

ತಾತ ಪೆಟ್ಟಿಗೆ ತೆರೆದು, ತನ್ನ ಹಿಡಿಗೆ ಅಣ್ಣನ ನಳಿಗೆಯನ್ನು ಕೂರಿಸಿ ಮುಚ್ಚಲು ನೋಡಿದ. ಮುಚ್ಚುವುದಿಲ್ಲವೆಂದು ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಆದರೂ ಮಂಡಿಗೆ ಆನಿಸಿ ಒತ್ತಿದ, ಎದೆಗೆ ಆನಿಸಿ ಒತ್ತಿದ. ಆ ಉಗುರಿನಷ್ಟು ಬಾಯಿ ಹಾಗೆಯೇ ಇತ್ತು. ಹೊರಗೆ ಚಟ್ಟ ಕಟ್ಟಿ ಜನ ಕಾಯುತ್ತಿದ್ದರು. ಬಿಸಿಲೇರಿತು ಅಂತ ಯಾರೋ ಎಂದರು. ಕೊನೆಗೆ ಈಡಿಲ್ಲದೆಯೇ ದೊಡ್ಡತಾತ ಹೊಸ್ತಿಲು ದಾಟಿದ. ಜಗಲಿಯ ಕಂಬಕ್ಕೊರಗಿ ನಿಂತಿದ್ದ ದೊಡ್ಡಜ್ಜಿ ತಾತನ ಮುಖ ನೋಡಿ ಮೆಲ್ಲಗೆ ಹೇಳಿದಳು:

"ನಿಮ್ಮಣ್ಣ ಸದ್ದಿಲ್ದಂಗೆ ಹೋದ್ರು ಚಿಕ್ಕಣ್ಣ."

ಆಮೇಲೆ ತಾತನಿಗೆ ಅನ್ನ ಸೇರಲಿಲ್ಲ. ತಟ್ಟೆಯ ಮುಂದೆ ಕೂತು ಮುದ್ದೆಯನ್ನು ಚೂರು ಚೂರು ಮಾಡಿ ಎದ್ದುಬಿಡುತ್ತಿದ್ದ. ಅಣ್ಣನೊಂದಿಗೆ ಮಾತಾಡದೆ ಕಳೆದ ಅಷ್ಟು ವರ್ಷಗಳು ಅವನನ್ನು ಬಾಧಿಸಿದಂತೆ ಕಾಣಲಿಲ್ಲ. ಅವರಿಬ್ಬರ ನಡುವೆ ಇದ್ದದ್ದೇ ಆ ಈಡಿನ ಮಾತು, ಅದು ತಪ್ಪಿಹೋಗಿತ್ತು. ಅದನ್ನು ಸಲ್ಲಿಸದೆ ತಾನು ಸಾಯುವಂತಿಲ್ಲ ಅನ್ನುವುದು ಅವನ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಸಲ್ಲಿಸಬೇಕಾದರೆ ಅಣ್ಣನ ಹಿಡಿಯೊಂದಿಗೆ ಹೊರಟುಹೋದ ತನ್ನ ನಳಿಗೆ ಸಿಗಬೇಕು. ಬೇಸಿಗೆ ರಜೆ ಬಂದ ಕೂಡಲೇ ನನ್ನನ್ನು ಕರೆದುಕೊಂಡು ಬೆಂಗಳೂರಿಗೆ ಹೊರಟ. ಬೋರ್ಡು ಓದಲು ನಾನಂತೆ. ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ, ಕಬ್ಬಿಣದ ಜಾಲರಿ ಬಾಗಿಲಿನ ಆ ಅಂಗಡಿ ಸಿಕ್ಕಿತು. ಒಳಗೆ ಗೋಡೆಯುದ್ದಕ್ಕೂ ಬಂದೂಕುಗಳು ನಿಂತಿದ್ದವು. ಯಾವ ಯಾವ ಊರಿನ ಪಟೇಲರು, ಜಮೀನ್ದಾರರು ಸತ್ತು ಅವರ ಮಕ್ಕಳು ತಂದುಕೊಟ್ಟವು. ನಾನು ಬಾಯಿ ತೆರೆದುಕೊಂಡು ನಿಂತುಬಿಟ್ಟೆ. ಇಷ್ಟು ಮನೆಗಳ ಮಾತು ಇಲ್ಲಿ ಬಂದು ನಿಂತಿದೆಯಲ್ಲ ಅನ್ನಿಸಿತು. ಗಲ್ಲಾದಲ್ಲಿ ಕೂತಿದ್ದ ಮುದುಕ ಸಾಹೇಬರಿಗೆ ನಮ್ಮ ಬಂದೂಕು ಚೆನ್ನಾಗಿ ನೆನಪಿತ್ತು.

"ಅದಾ? ಭಾರೀ ಮಾಲು ಯಜಮಾನ್ರೆ. ಹೋದ ತಿಂಗಳು ಕಾಫಿ ತೋಟದ ಗೌಡ್ರೊಬ್ರು ತಗೊಂಡ್ ಹೋದ್ರು. ಪೀಸು ಪೀಸಾಗೇ ಪೆಟ್ಟಿಗೇಲಿ ಇತ್ತು, ಹಂಗೇ ಎತ್ಕೊಂಡ್ರು."

ನಾನು ಹೊರಡಲು ಬಾಗಿಲ ಕಡೆ ತಿರುಗಿದೆ. ತಾತ ಮಾತ್ರ ಅಂಗಡಿಯವರ ಸ್ಟೂಲಿನ ಮೇಲೆ ಆರಾಮಾಗಿ ಕೂತು, ಬಹಳ ತಿಂಗಳ ಮೇಲೆ ಮೊದಲ ಸಲ ನಕ್ಕ.

"ಅದು ಮುಚ್ಚಲ್ಲ ಸಾಹೇಬ್ರೆ. ವಾಪಸ್ ಬತ್ತದೆ. ಬಂದಾಗ ನಮ್ಮ ಹುಡುಗನ ಮಗ್ಗದ ಷೆಡ್ಡಿಗೆ ಒಂದು ಫೋನ್ ಮಾಡ್ಸಿ."

"ಅಷ್ಟು ಖಾತ್ರಿಯಾಗಿ ಹೆಂಗೆ ಹೇಳ್ತೀರಿ?"

"ನಮ್ಮಪ್ಪ ಮಾಡಿದ್ದು," ಅಂದ ತಾತ.

ಬಸ್ಸಿನಲ್ಲಿ ನಾನು ಅವನ ಮೇಲೆ ರೇಗಿದೆ. ಕೊಂಡವರು ಅರ ಹಾಕಿಸಿ ಉಜ್ಜಿ ಕೂರಿಸಿಬಿಟ್ಟರೆ? ಗೋಡೆಗೆ ತೂಗುಹಾಕಿ ಮರೆತೇಬಿಟ್ಟರೆ? ತಾತ ಕಿಟಕಿಯಾಚೆ ನೋಡುತ್ತ ಕಡಲೆಕಾಯಿ ಬಿಡಿಸಿ ಬಿಡಿಸಿ ನನ್ನ ಕೈಗೆ ಹಾಕುತ್ತಿದ್ದ. ಮಳೆಗಾಲ ಮುಗಿಯುವ ಹೊತ್ತಿಗೆ ರಾಮಣ್ಣ ದೊಡ್ಡಪ್ಪ ಸ್ಕೂಟರಿನಲ್ಲಿ ಬಂದ. ತನ್ನ ಬಾಗಿಲಿಗೆ ಹೋಗದೆ ಸೀದಾ ನಮ್ಮ ಪಡಸಾಲೆಗೆ ಬಂದು, ನಿಂತುಕೊಂಡೇ ಹೇಳಿದ:

"ಬಂದೈತಂತೆ ಚಿಕ್ಕಪ್ಪ. ಮುಚ್ಚಲ್ಲ ಅಂತ ಗೌಡ್ರು ವಾಪಸ್ ಕೊಟ್ರಂತೆ. ಬೇಗ ಬನ್ನಿ ಅಂದ್ರು, ರಿಪೇರಿಯವನು ಅರ ಹಾಕ್ತೀನಿ ಅಂತ ಕೂತವ್ನಂತೆ."

ಸತ್ತು ಮಣ್ಣಾಗಿ ಎಷ್ಟೋ ಕಾಲವಾದ ಮುತ್ತಾತ ಎಲ್ಲೋ ಇರುವ ಕಾಫಿ ತೋಟದವರೆಗೆ ಕೈಚಾಚಿ ತನ್ನ ಬಂದೂಕನ್ನು ಹಿಂದಕ್ಕೆ ಎಳೆದು ತಂದಿದ್ದ. ನನಗೆ ಅವತ್ತು ಅನ್ನಿಸಿದ್ದು ಸಂತೋಷಕ್ಕಿಂತ ಹೆಚ್ಚಾಗಿ ಭಯ, ಬೆಟ್ಟದ ಬುಡದಲ್ಲಿ ನಿಂತು ತಲೆಯೆತ್ತಿ ನೋಡಿದಾಗ ಆಗುವಂಥದ್ದು. ಮಾರನೆಯ ದಿನ ತಾತ ನಮ್ಮ ಬಂದೂಕನ್ನು ಲೈಸೆನ್ಸಿನ ಸಮೇತ ಹಳೆಯ ಜಮಖಾನೆಯಲ್ಲಿ ಸುತ್ತಿಕೊಂಡ. ಇಬ್ಬರೂ ಮೊದಲ ಬಸ್ಸು ಹಿಡಿದೆವು.

ಅಂಗಡಿಯ ಗಾಜಿನ ಮೇಜಿನ ಮೇಲೆ ಹಸಿರು ಬಟ್ಟೆ ಹಾಸಿ ಸಾಹೇಬರು ಅವರ ಪೆಟ್ಟಿಗೆ ತೆರೆದರು. ತಾತ ನಮ್ಮದನ್ನು ಬಿಚ್ಚಿದ. ಯಾರನ್ನೂ ಕೇಳದೆ ನಳಿಗೆಗಳನ್ನು ಎತ್ತಿ, ಇದನ್ನು ಅದಕ್ಕೆ, ಅದನ್ನು ಇದಕ್ಕೆ ಕೂರಿಸಿ ಮುಚ್ಚಿದ. ಮೊದಲು ಒಂದರ ಸದ್ದು. ಅಣ್ಣನದು. ಹಿಂದೆಯೇ ಎರಡರದು. ಮಾರ್ಕೆಟ್ಟಿನ ಆ ಗದ್ದಲದಲ್ಲೂ ನಮ್ಮ ದೇವರ ಕೋಣೆಯ ಸದ್ದು ಹಾಗೆಯೇ ಕೇಳಿಸಿತು. ನನಗೆ ಅಳು ಬಂತು. ಸಾಹೇಬರು ಮೇಜಿನ ಮೇಲೆ ಬಾಗಿ ಅಂದರು:

"ಇನ್ನೊಂದ್ಸಲ ಮುಚ್ಚಿ ಯಜಮಾನ್ರೆ, ಕೇಳೋಣ."

ತಾತ ಇನ್ನೊಮ್ಮೆ ತೆರೆದು ಮುಚ್ಚಿದ.

"ಜೋಡೀನ ಬಿಡಿಸ್ಬೇಡಿ. ಎರಡೂ ನಂಗೆ ಕೊಡಿ, ಇಲ್ಲ ಎರಡೂ ನೀವೇ ಮನೆಗೆ ತಗೊಂಡ್ ಹೋಗಿ. ಇಂಥ ಜೋಡಿ ನಾನು ಇನ್ನು ನೋಡಲ್ಲ."

ಎರಡನ್ನೂ ತರುವುದು ಆಗದ ಮಾತಾಗಿತ್ತು. ತಾತನ ಲೈಸೆನ್ಸಿನಲ್ಲಿ ಇದ್ದದ್ದು ಒಂದೇ ಬಂದೂಕು. ಆ ವಯಸ್ಸಿನಲ್ಲಿ ಇನ್ನೊಂದಕ್ಕೆ ಅಪ್ಪಣೆ ಕೇಳಿ ಬರುವ ತನಕ ಅವನು ಇರುವ ಭರವಸೆ ಅವನಿಗೇ ಇರಲಿಲ್ಲ. ಎರಡನ್ನೂ ಕೊಟ್ಟುಬಿಟ್ಟರೆ ಅಣ್ಣನಿಗೆ ಈಡು ಕೊಡುವುದು ಯಾವುದರಿಂದ? ಈಗಿರುವಂತೆ ನಮ್ಮದನ್ನು ಮಾತ್ರ ತಂದರೆ ಈಡು ಹಾರುತ್ತದೆ, ಸರಿ. ಆದರೆ ತಾತ ಮುಚ್ಚಿದ ಬಂದೂಕಿನ ಮೇಲೆ ಕೈಯಿಟ್ಟು ಕೂತವನು ಏಳಲೇ ಇಲ್ಲ.

"ಅಡ್ಡ ಇದ್ದಾಗ ಇವು ಎಲ್ಲೇ ಇದ್ರೂ ಒಂದೇ ಮನೇವು ಪಾಪ. ಈಗ ನೆಟ್ಟಗಾದ್ವು. ಇನ್ನು ಅದರ ದಾರಿ ಅದಕ್ಕೆ, ಇದರ ದಾರಿ ಇದಕ್ಕೆ. ಅಪ್ಪ ಕಟ್ಟಿದ್ದನ್ನ ನಾನು ಬಿಚ್ಚಿದಂಗಾಯ್ತು."

"ದೊಡ್ತಾತನ ಈಡು?"

"ಅದೇ ಅಲ್ವಾ."

ಸ್ವಲ್ಪ ಹೊತ್ತಿಗೆ ತಾತ, ಬಾಯಿ ಒಣಗ್ತಾ ಐತೆ, ಒಂದು ಸೋಡಾ ತಗೊಂಡ್ ಬಾ ಹೋಗು ಅಂದ. ಸೋಡಾ ಅಂಗಡಿ ಗಲ್ಲಿಯ ಕೊನೆಯಲ್ಲಿತ್ತು. ನಾನು ಬಾಟಲಿ ಹಿಡಿದು ಬರುವಷ್ಟರಲ್ಲಿ ಅಣ್ಣನ ಬಂದೂಕು ಪೆಟ್ಟಿಗೆಯೊಳಗೆ ಮಲಗಿತ್ತು, ನಮ್ಮದು ಜಮಖಾನೆಯೊಳಗೆ. ಸಾಹೇಬರು ತಾತನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ಬೀಳ್ಕೊಡುತ್ತಿದ್ದಾರೆ ಅಂದುಕೊಂಡೆ.

ವರ್ಷ ತುಂಬದ ಮನೆ, ಹಬ್ಬವಿರಲಿಲ್ಲ. ಒಬ್ಬಟ್ಟಿಲ್ಲ, ಬಾಳೆಕಂದಿಲ್ಲ. ಆದರೂ ಆಯುಧಪೂಜೆಯ ದಿನ ಎರಡೂ ಬಾಗಿಲು ತೆರೆದವು. ಆ ಬಾಗಿಲಿನಿಂದ ದೊಡ್ಡಜ್ಜಿ ಬಂದು, ಚಾಪೆಯ ಮೇಲೆ ಗಂಡ ಕೂರುತ್ತಿದ್ದ ಜಾಗದಲ್ಲಿ ಕೂತಳು. ರಾಮಣ್ಣ ದೊಡ್ಡಪ್ಪ ಅವಳ ಹಿಂದೆ ನಿಂತ. ತಾತ ಹಿತ್ತಲಿಗೆ ಹೋಗಿ ಎರಡು ನಳಿಗೆಗೂ ತೋಟಾ ಹಾಕಿ, ಬೆಟ್ಟದ ಕಡೆ ಮುಖಮಾಡಿ, ಒಂದು ಈಡು ಹಾರಿಸಿದ. ಬೆಟ್ಟ ಅದನ್ನು ಹಿಂದಕ್ಕೆ ಹೇಳಿತು. ದೊಡ್ಡಜ್ಜಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಎರಡನೆಯದಕ್ಕೆ ನಾವೆಲ್ಲ ಕಾದೆವು, ಊರೂ ಕಾದಿರಬೇಕು. ತಾತ ಬಂದೂಕನ್ನು ಬಾಗಿಸಿ, ಹಾರದ ತೋಟಾವನ್ನು ತೆಗೆದು ನನ್ನ ಅಂಗೈಯಲ್ಲಿಟ್ಟ. ಕೆಂಪಗೆ, ಭಾರವಾಗಿತ್ತು.

"ಇದು ನಂದು. ನಾನು ಹೊಸ್ತಿಲು ದಾಟೋವಾಗ ನೀನು ಹಾರ್ಸು. ಮಾತು ದಾಟ್ಸೋ ಕೆಲಸ ನಿಂದೇ ಅಲ್ವಾ."

ಅದನ್ನು ದೇವರ ಗೂಡಿನಲ್ಲಿಟ್ಟೆ. ಅವತ್ತಿನಿಂದ ತಾತ ತಿಂದ, ಮಲಗಿದ, ಅಜ್ಜಿಯ ಸಾರಿಗೆ ಉಪ್ಪು ಕಮ್ಮಿ ಅಂತ ಹೆಸರಿಟ್ಟ. ಬದಲಾದದ್ದು ಒಂದೇ. ಬಂದೂಕು ಬಿಚ್ಚಿ ಒರೆಸುವಾಗ ಮುಂಚಿನ ಹಾಗೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿರಲಿಲ್ಲ. ಬಾಗಿಲು ಹಾಕಿಕೊಂಡು ಒಬ್ಬನೇ ಒರೆಸಿ, ಜೋಡಿಸಿದ ಮೇಲೆಯೇ ಹೊರಗೆ ತರುತ್ತಿದ್ದ. ನನಗೆ ಅದರಿಂದ ನೋವಾಗಿತ್ತು. ದೊಡ್ಡ ಹುಡುಗಿಯಾದಳು, ಬಂದೂಕು ಮುಟ್ಟಬಾರದು ಅನ್ನುವ ಹಳೆಯ ಚಾಳಿ ಇವನಿಗೂ ಬಂತೇ ಅಂತ ಸಿಟ್ಟೂ ಬಂದಿತ್ತು. ಮುಂದೊಂದು ಸಲ ಬೆಂಗಳೂರಿಗೆ ಹೋದಾಗ ಸಾಹೇಬರ ಅಂಗಡಿಗೆ ಹೋಗಿ ಕೇಳಿದೆ. ಅಣ್ಣನ ಬಂದೂಕನ್ನು ದೂರದವರು ಯಾರೋ ಕೊಂಡು ಹೋಗಿದ್ದರು. ಅದೀಗ ಮುಚ್ಚುತ್ತಿತ್ತಲ್ಲ, ಇನ್ನು ವಾಪಸ್ಸು ಬರುವ ಮಾತಿರಲಿಲ್ಲ. ಈ ಸುದ್ದಿ ಹೇಳಿದಾಗ ತಾತ, ಎಲ್ಲಿಗಾದ್ರೂ ಹೋಗ್ಲಿ ಬಿಡು ಅಂದನೇ ಹೊರತು ಬೇಜಾರು ಮಾಡಿಕೊಳ್ಳಲಿಲ್ಲ. ಅದೂ ನನಗೆ ಒಗಟಾಗಿಯೇ ಉಳಿದಿತ್ತು.

ಕೆಲವು ವರ್ಷಗಳ ಮೇಲೆ, ಮದುವೆಯಾಗಿ ಹೊಸಕೋಟೆಯಲ್ಲಿದ್ದ ನನಗೆ ಸುದ್ದಿ ಬಂತು. ನಾನು ಹೋಗುವ ಹೊತ್ತಿಗೆ ತಾತನನ್ನು ಜಗಲಿಯ ಮೇಲೆ ಮಲಗಿಸಿದ್ದರು. ಊರು ಕಾಯುತ್ತಿತ್ತು. ಅಪ್ಪ ಪೆಟ್ಟಿಗೆಯನ್ನು ದೇವರ ಕೋಣೆಯಲ್ಲಿಟ್ಟು ಬಾಗಿಲ ಬಳಿ ನಿಂತಿದ್ದ. ನಿನಗೇ ಹೇಳಿದ್ದು, ನೀನೇ ಮಾಡು ಅಂದ. ದೊಡ್ಡಜ್ಜಿಯೂ ಅಜ್ಜಿಯೂ ಒಬ್ಬರ ಹೆಗಲಿಗೊಬ್ಬರು ಒರಗಿ ಕೂತಿದ್ದರು. ಮೊದಲ ಸಲ ಆ ಚಾಪೆಯ ಮೇಲೆ ನಾನೊಬ್ಬಳೇ ಕೂತು ಪೆಟ್ಟಿಗೆ ತೆರೆದೆ. ಹಿಡಿ ತೆಗೆದೆ, 2. ನಳಿಗೆ ತೆಗೆದೆ, 2. ಎರಡನ್ನೂ ಕೂಡಿಸಿ, ಕೊನೆಗೆ ಅಂಗೈಯಗಲದ ಆ ಮರಿಯನ್ನು ಅಡಿಗೆ ಕೂರಿಸಲು ಎತ್ತಿ ತಿರುಗಿಸಿದೆ. ಅದರ ಮೇಲೆ ಬಂಗಾರದ 1 ಇತ್ತು.

ಸೋಡಾ ತರಲು ನನ್ನನ್ನು ಕಳಿಸಿದ್ದು ಇದಕ್ಕೆ. ಸಾಹೇಬರು ಕೈ ಹಿಡಿದುಕೊಂಡಿದ್ದು ಇದಕ್ಕೆ. ಇಷ್ಟು ವರ್ಷ ಬಾಗಿಲು ಹಾಕಿಕೊಂಡು ಒರೆಸಿದ್ದೂ ಇದಕ್ಕೇ. ಮರಿ ಅದಲುಬದಲಾದರೂ ಬಂದೂಕು ಮುಚ್ಚುತ್ತದೆ, ಈಡು ಹಾರುತ್ತದೆ, ಹಿಡಿದ ಕೈಯಡಿಗೆ ಮುಚ್ಚಿಹೋಗುವ ಆ ಅಂಕಿ ಯಾರಿಗೂ ಕಾಣುವುದಿಲ್ಲ. ಎಲ್ಲೋ, ನನಗೆ ಗೊತ್ತಿಲ್ಲದ ಯಾವುದೋ ಮನೆಯಲ್ಲಿ, ದೊಡ್ಡತಾತನ ಬಂದೂಕು ನನ್ನ ತಾತನ ಮರಿಯನ್ನು ಹೊತ್ತುಕೊಂಡಿದೆ. ಅಣ್ಣನ ಈಡನ್ನೂ ಕೊಟ್ಟು, ಅಪ್ಪನ ಗಂಟನ್ನೂ ಬಿಚ್ಚದೆ, ಯಾರಿಗೂ ಹೇಳದೆ ಹೊರಟಿದ್ದ ಆ ಮುದುಕ. ಮರಿಯನ್ನು ಕೂರಿಸಿ ಮುಚ್ಚಿದೆ. ಅದೇ ಸದ್ದು ಬಂತು. ದೇವರ ಗೂಡಿನಿಂದ ಕೆಂಪು ತೋಟಾ ತೆಗೆದು ಹಾಕಿಕೊಂಡು, ಇಷ್ಟು ವರ್ಷದಲ್ಲಿ ತೇವ ಹಿಡಿದಿರದಿರಲಿ ಅಂತ ಬೇಡಿಕೊಂಡು ಹೊರಗೆ ಬಂದೆ. ತಾತನನ್ನು ಎತ್ತಿದರು. ಹೊಸ್ತಿಲ ಬಳಿ ಅವನ ಕಾಲು ಬರುತ್ತಿದ್ದಂತೆ, ಎಡ ಅಂಗೈಯಲ್ಲಿ ದೊಡ್ಡತಾತನ ಆ ಒಂದನ್ನು ಬಿಗಿಯಾಗಿ ಮುಚ್ಚಿ ಹಿಡಿದು, ಬೆಟ್ಟದ ಕಡೆಗೆ ಕುದುರೆ ಎಳೆದೆ.